ಮಂಗಳವಾರ ಕಂಡ ಆಕಾರ

ಶೆರಿಂಗ್ಹಮ್
೮ ನವೆಂಬರ್ ೧೯೭೪

ಪ್ರಿಯ ಎಡ್ಗರ್,

ನೋಡುವುದು ಬೇರೆ, ಗುರುತು ಹಿಡಿಯುವುದು ಬೇರೆ ಎಂದೋ, ನನಗೆ ಎರಡನೆಯದು ಮಾತ್ರ ಗೊತ್ತು ಎಂದೋ ನೀನು ಅಂದದ್ದು. ಸರಿಯಾದ ಮಾತುಗಳು ಮರೆತುಹೋಗಿವೆ. ಮನೆ ಬಿಟ್ಟು ಹೊರಟ ನೀನು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ನಿನ್ನ ಬೆನ್ನ ಹಿಂದೆ ಏಪ್ರಿಲ್‌ ಬೆಳಕಿತ್ತು, ಮುಖ ಕಾಣಿಸುತ್ತಿರಲಿಲ್ಲ. ಕಾಣಿಸಲಿಲ್ಲವೆಂಬುದು ನನ್ನ ಗಮನಕ್ಕೆ ಬಂದದ್ದು ನೀನು ನಾರಿಚ್‌ನಲ್ಲಿ ಅಣ್ಣನ ಮನೆ ಸೇರಿಕೊಂಡ ಎಷ್ಟೋ ದಿನಗಳ ಮೇಲೆ.

ವಿಮಾನ ಗುರುತಿಸುವ ನಮ್ಮ ಗುರುವಾರದ ಕೂಟ ಹಾಗೇ ನಡೆಯುತ್ತಿದೆ. ಪ್ರಾರ್ಥನಾ ಮಂದಿರದ ಹಿಂದಿನ ಕೋಣೆ, ಸೀಮೆಎಣ್ಣೆ ಒಲೆಯ ವಾಸನೆ, ಗೋಡೆಯ ಮೇಲೆ ವಿಮಾನಗಳ ಕಪ್ಪು ಆಕಾರಗಳು. ಥರ್ಲೋ ಸ್ಲೈಡ್ ತೋರಿಸಿ, ಮೂರು ಎಣಿಸಿ, ದೀಪ ಆರಿಸುತ್ತಾನೆ. ಇಬ್ಬರಿಗೆ ಒಂದೇ ಕಾಗದ. ಇಬ್ಬರೂ ಒಪ್ಪಿದರೆ ಮಾತ್ರ ವಿಮಾನದ ಹೆಸರು ಬರೆಯಬೇಕು. ನೀನು ಹೋದ ಮೇಲೆ ನನ್ನ ಜೋಡಿ ವಿನ್ನಿ. ಚಹಾ ಕೊಡಲು ಬರುತ್ತಿದ್ದವಳನ್ನು ಥರ್ಲೋ ಹಿಡಿದು ಕೂರಿಸಿದ. ಅವಳು ಗೋಡೆಯ ಕಡೆ ನೋಡುವುದೂ ಇಲ್ಲ. "ನೀನೇನಂದ್ರೆ ಅದೇ ಕಣೇ, ಬರ್ಕೋ" ಅನ್ನುತ್ತಾ ಹೆಣಿಗೆ ಮುಂದುವರಿಸುತ್ತಾಳೆ. ಈ ವರ್ಷ ಎಲ್ಲರಿಗಿಂತ ನಾವೇ ಮುಂದಿದ್ದೇವೆ. ನಿನ್ನ ಜೊತೆ ಅರ್ಧ ಸಂಜೆ ಜಗಳದಲ್ಲೇ ಕಳೆಯುತ್ತಿತ್ತು. ಒಪ್ಪಿಗೆ ಇಷ್ಟು ಬೇಗ ಸಿಕ್ಕಿಬಿಟ್ಟರೆ ಉಳಿದ ಹೊತ್ತನ್ನು ಏನು ಮಾಡುವುದೆಂದು ತಿಳಿಯುವುದಿಲ್ಲ.

ನಿನ್ನೆ ವಿಚಿತ್ರ ವಿಮಾನಗಳದ್ದೇ ಒಂದು ಸುತ್ತು. ರೆಕ್ಕೆ ಹಿಂದಿದ್ದು ಬಾಲ ಮುಂದಿರುವವು, ಬಾಲವೇ ಇಲ್ಲದವು. ಕೊನೆಗೆ ಆ ಜರ್ಮನ್ ಬ್ಲೋಮ್ ಉಂಡ್ ಫೋಸ್ ೧೪೧. ಎಂಜಿನ್ ಒಂದು ಕಡೆ, ಜನ ಕೂರುವ ಗಾಜಿನ ಗೂಡು ಪಕ್ಕದ ರೆಕ್ಕೆಯ ಮೇಲೆ, ಬಾಲದ ಅಡ್ಡಪಟ್ಟಿಯೂ ಒಂದೇ ಕಡೆಗೆ.

"ಇದರ ಚಿತ್ರ ಬರೆದೋನು ಕುಡಿದಿದ್ನೇನೋ, ಥರ್ಲೋ?" ಎಂದ ಗೂಚ್.

"ನಿನ್ ಮದುವೆ ಫೋಟೋ ತೆಗೆದೋನೇ ಕಣಯ್ಯ" ಎಂದ ಥರ್ಲೋ. ಗೂಚ್‌ನ ಹೆಂಡತಿಯೇ ಎಲ್ಲರಿಗಿಂತ ಜೋರಾಗಿ ನಕ್ಕಳು.

ವಿನ್ನಿ ಮೊದಲ ಸಲ ತಲೆಯೆತ್ತಿದಳು. "ಒಂದ್ ಕಡೆಗೇ ವಾಲ್ಕೊಂಡಿದೆಯಲ್ಲೇ. ಪಾಪ, ನಿನ್ ಗಂಡ ಕೋಲೂರ್ಕೊಂಡು ಹೋಗ್ತಿದ್ನಲ್ಲ, ಹಂಗೆ."

ಯಾವಾಗ ಎಂದು ಕೇಳಿದೆ.

"ಮಂಗಳವಾರ, ಸ್ಟೇಷನ್ ಹತ್ರ. ಮ್ಯೂರಿಯಲ್ ಎಲ್ಲಿ ಸಿಗ್ತಾಳೆ ಅಂದ. ಈ ಹೊತ್ನಲ್ಲಿ ಸಮುದ್ರದ ಕಡೆ ಬೆಂಚಲ್ಲೇ ಇರ್ತಾಳೆ ಹೋಗು ಅಂದೆ. ಯಾಕೆ, ಸಿಗ್ಲಿಲ್ವಾ?"

ಗೋಡೆ ಕತ್ತಲಾಯಿತು. ಕಾಗದದಲ್ಲಿ ಆ ಜಾಗ ಖಾಲಿ ಬಿಟ್ಟೆ.

ಮಂಗಳವಾರ ನನ್ನ ಬೆಂಚಿನಿಂದ ದೂರ, ಸಮುದ್ರದಂಡೆಯ ತಡೆಕಂಬಿಗಳ ಬಳಿ ಒಬ್ಬ ನಿಂತಿದ್ದ. ಕೆಳಗೆ ಉರುಟುಗಲ್ಲುಗಳ ಮೇಲೆ ಜನ ನವೆಂಬರ್ ಐದರ ಹಬ್ಬದ ಬೆಂಕಿಗೆ ಸೌದೆ ಒಟ್ಟುತ್ತಿದ್ದರು. ಇಳಿಬಿಸಿಲು ಅವನ ಹಿಂದಿತ್ತು. ಅಭ್ಯಾಸದಂತೆ ಮೇಲಿನಿಂದ ಶುರುಮಾಡಿದೆ. ಟೊಪ್ಪಿ ಸರಿ. ಎಡಭುಜ ತುಸು ಇಳಿದದ್ದು, ಸರಿ. ಕೋಟಿನ ಉದ್ದ ಸರಿ. ಆಮೇಲೆ ಕೋಲು. ಎಡ್ಗರ್‌ಗೆ ಕೋಲಿಲ್ಲ, ಆದ್ದರಿಂದ ಎಡ್ಗರ್ ಅಲ್ಲ. ನಾವು ಕಲಿತದ್ದೇ ಹಾಗೆ: ಎಲ್ಲ ಹೊಂದಿ ಒಂದು ಹೊಂದದಿದ್ದರೆ ಅದು ಬೇರೆ ವಿಮಾನ. ನಾನು ನೀರಿನ ಕಡೆಗೆ ಮುಖ ತಿರುಗಿಸಿದೆ.

ನೀನು ಅದನ್ನು ಬೇರೆ ರೀತಿ ತಿಳಿದಿರುತ್ತೀಯ. ಕಂಡೂ ಕಾಣದವಳಂತೆ ಕೂತಳು ಎಂದು. ಅಷ್ಟು ದೂರ ಬಂದವನು ಮಾತಾಡದೆ ವಾಪಸು ರೈಲು ಹತ್ತಿದ್ದಕ್ಕೆ ಬೇರೆ ಕಾರಣ ನನಗೆ ತೋಚುತ್ತಿಲ್ಲ. ಹಾಗಲ್ಲ ಎಂದು ಹೇಳಲು ಈ ಪತ್ರ. ಹೇಳಿದರೆ ನೀನು ಬಾಗಿಲಲ್ಲಿ ಅಂದದ್ದಕ್ಕಿಂತಲೂ ನಾನು ಕಡೆ ಎಂದಾಗುತ್ತದೆ. ಗುರುತು ಹಿಡಿಯುವುದೂ ನನಗೆ ಬಾರದು. ಯಾವುದನ್ನು ನಂಬಿದರೆ ನೀನು ಮತ್ತೆ ಬರುತ್ತೀಯೋ ಅದನ್ನೇ ನಂಬು.

ಬರುವ ಮಂಗಳವಾರವೂ ನಾನು ಅಲ್ಲೇ ಇರುತ್ತೇನೆ. ಬಂದರೆ ಬೆಂಚಿನವರೆಗೆ ಬಾ.

ನಿನ್ನ,
ಮ್ಯೂರಿಯಲ್

ತಾ.ಕ.: ಮೇಲೆ ಬರೆದದ್ದು ಅರ್ಧ ಮಾತ್ರ. ನೀನು ಹೊರಟಾಗ ನಾನು ಮತ್ತೆ ತಿರುಗಿ ನೋಡಿದೆ. ಎದುರಿಗೆ ಯಾರದೋ ನಾಯಿ ಬಂತು. ನೀನು ಪಕ್ಕಕ್ಕೆ ಸರಿದು, ಅದಕ್ಕೆ ಟೊಪ್ಪಿ ಮುಟ್ಟಿ ವಂದಿಸಿ ದಾರಿ ಬಿಟ್ಟೆ. ನಾಯಿಗೆ ಟೊಪ್ಪಿ ಮುಟ್ಟುವವರು ಈ ಕರಾವಳಿಯಲ್ಲಿ ಇನ್ನೊಬ್ಬರಿಲ್ಲ. ರೈಲಿಗೆ ಇನ್ನೂ ಹೊತ್ತಿತ್ತು. ಏನೆಂದು ಕೂಗಲಿ ಎಂದು ನಾನು ಯೋಚಿಸುತ್ತಿರುವಾಗಲೇ ನೀನು ತಿರುವು ದಾಟಿದೆ. ವಿನ್ನಿಯನ್ನು ಯಾವಾಗ ಎಂದು ಕೇಳಿದ್ದು ಬರೀ ಕೇಳಬೇಕಲ್ಲ ಎಂದು. ಒಂದು ಮಾತ್ರ ಅಷ್ಟು ದೂರದಿಂದ ತಿಳಿಯಲೇ ಇಲ್ಲ. ನೋವು ಯಾವ ಕಾಲಿಗೆ, ಎಡ್ಗರ್?