ಝುವೈನಾ ಖಾಲಾಳನ್ನು ಅಳಿಸುವ ವಿಚಾರ

ಪ್ರೀತಿಯ ಝುವೈನಾ ಖಾಲಾ, ನಿಜ್ವಾದಿಂದ ರಹ್ಮಾಳ ಸಲಾಂ.

ಆಗಿಹೋಯ್ತು ಖಾಲಾ, ಆಗಿಹೋಯ್ತು! ಫೋಟೋ ತಿದ್ದುವ ನನ್ನ ಹಳೆಯ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲವಲ್ಲ, ಈಗ ಪುಕ್ಕಟೆಯದೊಂದನ್ನು ಹಾಕಿಕೊಂಡೆ. ನಿಮ್ಮ ಮಗಳು ಅಸೀಲಾಳ ಮದುವೆಯಲ್ಲಿ ಹೆಂಗಸರ ಕಡೆ ನಾನು ತೆಗೆದ ಒಂದು ಫೋಟೋ ಕೂಡ ಗಂಡಸರ ಸ್ಟುಡಿಯೋಗೆ ಹೋಗುವುದಿಲ್ಲ. ಅರಬ್ಬಿ ಭಾಷೆ ಆರಿಸಿದ್ದೇ ತಡ, ಎಡಗಡೆಯ ಸಲಕರಣೆಗಳೆಲ್ಲ ಬಲಕ್ಕೆ ಹಾರಿದವು. ಕೆಟ್ಟೇಹೋಯಿತೆಂದು ಹೆದರಿ, ತೆಗೆದು ಮತ್ತೆ ಹಾಕಿದೆ! ನಾವು ಬಲಗಡೆಯಿಂದ ಬರೆಯುವವರು ಎಂಬುದು ಅದಕ್ಕೆ ಗೊತ್ತಿತ್ತು, ನನಗೇ ಹೊಳೆಯಲಿಲ್ಲ.

"ನಾನೆಲ್ಲಾದ್ರೂ ಫೋಟೋದಲ್ಲಿ ಬಿದ್ದಿದ್ರೆ ಅಳಿಸ್ಬಿಡೇ. ನಮ್ಮೋರು ಹೋಗಿ ವರ್ಷ ಆಗಿಲ್ಲ, ನಾನು ಹಲ್ಲು ಕಿರಿದ್ರೆ ಜನ ಏನಂದಾರು?" ಅಂದಿದ್ದಿರಿ.

ಬಿದ್ದಿದ್ದೀರಿ. ಮದುವೆ ವೇದಿಕೆಯ ಪರದೆಯ ಮುಂದೆ, ಅಸೀಲಾಳ ಪಕ್ಕದಲ್ಲಿ, ತಲೆವಸ್ತ್ರ ಜಾರಿ, ಬಾಯ್ತುಂಬ ನಗುತ್ತಿದ್ದೀರಿ. ಹೇಳಿದಂತೆ ಅಳಿಸಿದೆ, ಗುರುತೇ ಸಿಗದಷ್ಟು ನಾಜೂಕಾಗಿ ಬಂತು. ಆದರೆ ಅಸೀಲಾ ಕತ್ತು ಹೊರಳಿಸಿ ಬರೀ ಪರದೆಯನ್ನು ನೋಡಿ ನಗುತ್ತಿರುವಂತಾಯಿತು. ನಿಮ್ಮನ್ನು ವಾಪಸ್ ತಂದೆ.

ನಿಮ್ಮ ಹಲ್ವಾ ಡಬ್ಬಿ ತೊಳೆದು ಇದರ ಜೊತೆ ಕಳಿಸಿದ್ದೇನೆ. ನಾಳೆ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬನ್ನಿ, ಅಸೀಲಾಳೂ ಬರುತ್ತಾಳೆ. ಅಳಿಸುವ ಕುಂಚ ಬಲಗಡೆ ಇದೆ, ತೋರಿಸುತ್ತೇನೆ. ಅವಳೆದುರು ನೀವೇ ಅಳಿಸಿ.

ನಿಮ್ಮ
ರಹ್ಮಾ