ಹಸಿದ ಕೊಳವೆಗೆ ನಾನು ಹಾಕಿದ ರುಜು

ಪ್ರಾದೇಶಿಕ ವಿಮಾನ ಸುರಕ್ಷತಾ ಕಚೇರಿಯ ಮಾನ್ಯ ನಿರ್ದೇಶಕರಿಗೆ,

ನೀವು ತಪ್ಪು ಮನುಷ್ಯನ ಲೈಸೆನ್ಸು ಕಿತ್ತುಕೊಂಡಿದ್ದೀರಿ. ತಪ್ಪು ಮಾಡಿದವಳು ನಾನು. ಇಷ್ಟು ಸರಳವಾದ ಮಾತನ್ನು ಮಾರ್ಚಿನಿಂದ ಈಚೆಗೆ ಮೂರು ಸಲ ಲಕೋಟೆಯಲ್ಲಿಟ್ಟು ನಿಮಗೆ ಕಳಿಸಿದೆ. ಮೂರು ಸಲವೂ ನೀವು ನನ್ನ ಕಾಳಜಿಯನ್ನು ಮೆಚ್ಚಿಕೊಂಡು, ಪ್ರಕರಣ ಮುಕ್ತಾಯವಾಗಿದೆ ಎಂದು ಉತ್ತರಿಸಿದಿರಿ. ತಪ್ಪೊಪ್ಪಿಗೆಗೆ ಮೆಚ್ಚುಗೆ ಪತ್ರ ಕೊಡುವ ಕಚೇರಿ ಇನ್ನೊಂದಿರಲಾರದು. ಆದ್ದರಿಂದ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ನಮ್ಮ ನದಿಯ ಊರುಗಳವರು ಮೊದಲು ಓದಲಿ, ನೀವು ಆಮೇಲೆ ಓದಿ.

ಅಲಾಸ್ಕಾದ ಈ ದಂಡೆಯಲ್ಲಿ ಹದಿನೇಳು ವರ್ಷದಿಂದ ನಾನು ವಿಮಾನದ ಎಣ್ಣೆಯ ಪರೀಕ್ಷಕಿ. ಬೇಸಗೆಯಲ್ಲಿ ಬಾರ್ಜು, ಅಂದರೆ ಸರಕಿನ ದೊಡ್ಡ ದೋಣಿ, ತಂದ ಎಣ್ಣೆ ದಂಡೆಯ ಟ್ಯಾಂಕಿಗೆ ಇಳಿಯುತ್ತದೆ. ಅಲ್ಲಿಂದ ಒಂದೂವರೆ ಮೈಲಿ ಕೊಳವೆಯಲ್ಲಿ ಹರಿದು ವಿಮಾನ ನಿಲ್ದಾಣದ ಟ್ಯಾಂಕು ಸೇರುತ್ತದೆ. ನದಿ ಹೆಪ್ಪುಗಟ್ಟಿ ಕಲ್ಲಾದ ಮೇಲೆ ಮುಂದಿನ ಜೂನ್‌ವರೆಗೆ ಅದೇ ಎಣ್ಣೆ, ಅದೇ ಟ್ಯಾಂಕು. ದೊಡ್ಡ ಊರಿನಿಂದ ಬರುವ ವಿಮಾನಗಳು ಅಲ್ಲೇ ತುಂಬಿಸಿಕೊಂಡು ಬರುತ್ತವೆ. ನಮ್ಮ ಎಣ್ಣೆಯನ್ನೇ ನಂಬಿದ್ದದ್ದು ಒಂದೇ ವಿಮಾನ. ಒಂದೇ ಎಂಜಿನ್ನಿನದು, ಟಪಾಲು, ರೋಗಿಗಳು, ಹೆರಿಗೆಗೆ ಹೋಗುವ ಬಸುರಿಯರು ಎಲ್ಲಕ್ಕೂ ಅದೇ. ಅದನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ಕು ನಿಕೆಫರ್, ನನ್ನ ಸೋದರತ್ತೆಯ ಮಗ. ಫೆಬ್ರವರಿ ಹನ್ನೊಂದರ ಮಧ್ಯಾಹ್ನ, ಎಂಟು ತಿಂಗಳ ಬಸುರಿ ಲೂಬಾಳನ್ನು ಆಸ್ಪತ್ರೆಯ ಊರಿಗೆ ಒಯ್ಯುತ್ತಿದ್ದಾಗ ಅದರ ಇಂಧನ ಪಂಪು ಸವೆದು ನಿಂತಿತು, ಎಂಜಿನ್ನೂ ನಿಂತಿತು. ಪೈಲಟ್ಟು ಹೆಪ್ಪುಗಟ್ಟಿದ ಕೆರೆಯ ಮೇಲೆ ಇಳಿಸಿದ. ಇಬ್ಬರೂ ಉಳಿದರು. ಮೂವರು ಎನ್ನಬೇಕು.

ಈಗ ಎಣ್ಣೆಯ ವಿಷಯ. ನಿಮಗೆ ಗೊತ್ತಿರುವುದೇ, ಆದರೆ ಪತ್ರಿಕೆ ಓದುವವರಿಗೆ ಗೊತ್ತಿರಲಿಕ್ಕಿಲ್ಲ. ಶುದ್ಧೀಕರಣದಲ್ಲಿ ಗಂಧಕ ತೆಗೆಯುವಾಗ ಎಣ್ಣೆಗೆ ಹುಟ್ಟಿನಿಂದ ಬಂದ ಜಾರುಗುಣವೂ ಹೊರಟುಹೋಗುತ್ತದೆ. ಆಮೇಲೆ ಅದು ನೋಡಲು ತಿಳಿಯಾಗಿರುತ್ತದೆ, ಉರಿಯುವುದು ಚೆನ್ನಾಗಿಯೇ ಉರಿಯುತ್ತದೆ, ಆದರೆ ಒಣಗಿರುತ್ತದೆ. ಪಂಪಿನ ಹಲ್ಲುಗಳು ಆ ಎಣ್ಣೆಯಲ್ಲೇ ಮುಳುಗಿ ತಿರುಗಬೇಕು, ಬೇರೆ ಜಿಡ್ಡು ಅವಕ್ಕಿಲ್ಲ. ಆದ್ದರಿಂದ ದಂಡೆಯಲ್ಲಿ, ಕೊಳವೆಗೆ ಬಿಡುವ ಮೊದಲು, ಒಂದು ದ್ರವ ಬೆರೆಸುತ್ತೇವೆ. ಊರಿನಲ್ಲಿ ಅದನ್ನು ಮದ್ದು ಎನ್ನುತ್ತಾರೆ. ಒಂದೇ ಮದ್ದಿಗೆ ಎರಡು ಕೆಲಸ: ಕೊಳವೆಗೆ ತುಕ್ಕು ಹಿಡಿಯದಂತೆ ಕಾಯುವುದು, ಪಂಪು ಸವೆಯದಂತೆ ಜಾರಿಸುವುದು. ಎರಡನ್ನೂ ಅದು ಮಾಡುವುದು ಲೋಹಕ್ಕೆ ಅಂಟಿಕೊಂಡೇ. ಸಾವಿರ ಲೀಟರಿಗೆ ಹತ್ತಿಪ್ಪತ್ತು ಗ್ರಾಮ್ ಸಾಕು. ಹೆಚ್ಚಾದರೂ ಕಷ್ಟ; ಸೋಪಿನಂಥ ವಸ್ತು, ಶೋಧಕದಲ್ಲಿ ನಿಲ್ಲಬೇಕಾದ ನೀರನ್ನು ದಾಟಿಸಿಬಿಡುತ್ತದೆ. ಹಾಗಾಗಿ ಒಂದಿಷ್ಟು ಜಾಸ್ತಿಯೇ ಸುರಿದು ನಿಶ್ಚಿಂತೆಯಾಗಿ ಇರುವ ಹಾಗೂ ಇಲ್ಲ. ಅಳೆದು ಹಾಕಬೇಕು, ಹಾಕಿದ್ದು ತಲುಪಿತೇ ಎಂದು ನೋಡಬೇಕು.

ನೋಡುವುದು ನನ್ನ ಕೆಲಸ. ಎಣ್ಣೆಯಲ್ಲಿ ತೊಯ್ದು ತಿರುಗುವ ಉಕ್ಕಿನ ಉರುಳೆಯ ಮೇಲೆ ಉಕ್ಕಿನ ಗುಂಡೊಂದನ್ನು ಅರ್ಧ ಗಂಟೆ ಒತ್ತಿಟ್ಟು, ಗುಂಡಿನ ಮೇಲೆ ಬಿದ್ದ ಗಾಯವನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತೇನೆ. ಮಿಲಿಮೀಟರಿನ ನೂರರಲ್ಲಿ ಎಂಬತ್ತೈದು ಭಾಗದವರೆಗೆ ಗಾಯವನ್ನು ಕ್ಷಮಿಸಬಹುದು. ಅದಕ್ಕಿಂತ ದೊಡ್ಡದಾದರೆ ಆ ಎಣ್ಣೆ ವಿಮಾನಕ್ಕೆ ಹೋಗಬಾರದು.

ಮೊದಲು ಈ ಪರೀಕ್ಷೆಗೆ ಎಣ್ಣೆಯ ಮಾದರಿಯನ್ನು ಕೊಳವೆಯ ಕೊನೆಯಲ್ಲಿ, ವಿಮಾನ ನಿಲ್ದಾಣದಲ್ಲಿ ತೆಗೆಯುತ್ತಿದ್ದೆವು. ಗಾಳಿಗೆ ಎದುರಾಗಿ, ಬಾಟಲಿಗಳ ಪೆಟ್ಟಿಗೆ ಹೊತ್ತು ಅಲ್ಲಿಯವರೆಗೆ ಹೋಗಬೇಕು. ನನಗೆ ಮಂಡಿನೋವು ಶುರುವಾಗಿತ್ತು. ಮೂರು ವರ್ಷದ ಹಿಂದೆ ನಿಮ್ಮ ಕಚೇರಿಗೆ ಒಂದು ಟಿಪ್ಪಣಿ ಬರೆದೆ: ದಂಡೆಯಲ್ಲಿರುವುದೂ ನಿಲ್ದಾಣದಲ್ಲಿರುವುದೂ ಒಂದೇ ಎಣ್ಣೆಯಾದ್ದರಿಂದ, ಮದ್ದು ಬೆರೆಸುವ ಜಾಗದಲ್ಲೇ ಮಾದರಿ ತೆಗೆದರೆ ಸಾಲದೇ? ನನ್ನ ಮಂಡಿಯ ಸಂಗತಿಯನ್ನು ಅದರಲ್ಲಿ ಬರೆದಿರಲಿಲ್ಲ. ಬದಲಿಗೆ "ಕಾರ್ಯದಕ್ಷತೆ" ಎಂಬ ಪದವನ್ನು ನಾಲ್ಕು ಸಲ ಬಳಸಿದ್ದೆ. ಪ್ರಯೋಗಾಲಯದ ಮಾಡು ಸೋರುತ್ತದೆ ಎಂಬ ಅರ್ಜಿಗೆ ಆರು ವರ್ಷದಿಂದ ಉತ್ತರ ಕೊಡದ ನಿಮ್ಮ ಕಚೇರಿ ಇದಕ್ಕೆ ಒಂಬತ್ತೇ ದಿನದಲ್ಲಿ ಒಪ್ಪಿಗೆ ಕೊಟ್ಟಿತು. ನಿಮಗೂ ತಪಾಸಣೆಗೆ ಒಂದು ಜಾಗ ಕಡಿಮೆಯಾಯಿತಲ್ಲ! ನಾವಿಬ್ಬರೂ ಅಂದು ಎಷ್ಟು ಸುಲಭವಾಗಿ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡೆವು!

ಕಳೆದ ವರ್ಷ ಹಳೆಯ ಕೊಳವೆ ತೆಗೆದು ಹೊಸದು ಹಾಕಿದರು. ಹೊಸದೆಂದರೆ, ಒಂದು ವರ್ಷ ದಂಡೆಯ ಮೇಲೆ ಬಾಯಿ ತೆರೆದುಕೊಂಡು ಬಿದ್ದು, ಒಳಗೆಲ್ಲ ಕೆಂಪಗೆ ತುಕ್ಕು ಹಿಡಿದ ಉಕ್ಕು. ಸೆಪ್ಟೆಂಬರಿನಲ್ಲಿ, ಆ ವರ್ಷದ ಕೊನೆಯ ಬಾರ್ಜಿನ ಎಣ್ಣೆಯನ್ನು ಅದರಲ್ಲಿ ಹರಿಸುವ ದಿನ, ಕೊಳವೆಗೆ ಎಣ್ಣೆ ಹರಿಸುವ ಪಂಪಿನ ಕೆಲಸದಿಂದ ನಿವೃತ್ತನಾದ ಯಾಕವ್ ಅಜ್ಜ ಕೋಲೂರಿಕೊಂಡು ನೋಡಲು ಬಂದ.

"ಮಗಾ, ಮೊದಲ ಸಲ ಹರಿಸಿದ್ದನ್ನ ವಾಪಸ್ ತಗೊಂಡು ಮತ್ತೆ ಮದ್ದು ಹಾಕಿ ಕಳಿಸ್ತೀರಿ ತಾನೆ?" ಎಂದು ಕೇಳಿದ.

"ಯಾಕಜ್ಜ?"

"ಯಾಕೆ ಅಂದ್ರೆ? ಹೊಸ ಕೊಳವೆ ಹಸ್ಕೊಂಡಿರತ್ತೆ. ಮೊದ್ಲು ತಾನು ಕುಡಿಯತ್ತೆ, ಆಮೇಲೆ ಮಿಕ್ಕಿದ್ದು ನಮಗೆ. ಹಳೇದನ್ನ ಹಾಕ್ದಾಗ ನಾವು ಎರಡು ದಿನ ಊಟ ಹಾಕಿದೀವಿ ಅದಕ್ಕೆ."

"ಹಾಗಂತ ಫಾರಮ್ಮಲ್ಲಿ ಎಲ್ಲೂ ಇಲ್ವಲ್ಲ ಅಜ್ಜ."

"ಫಾರಮ್ಮು ಕೊಳವೆ ಒಳಗೆ ಹೊಕ್ಕಿ ನೋಡ್ಕೊಂಡು ಬಂದಿದ್ಯಾ?"

ಪಂಪಿನ ಹುಡುಗರೆಲ್ಲ ನಕ್ಕರು. ನಾನೂ ನಕ್ಕೆ. ನದಿ ಯಾವಾಗ ಬೇಕಾದರೂ ಕಟ್ಟಿಕೊಳ್ಳಬಹುದು, ಎರಡು ದಿನ ಎಲ್ಲಿಂದ ತರುವುದು? ನಿರ್ದೇಶಕರೇ, ಲೋಹದ ಮೈಗೆ ಈ ಮದ್ದಿನಂಥ ವಸ್ತುವಿನ ಕಣಗಳು ತಲೆ ಊರಿ, ಬಾಲ ಹೊರಗೆ ಚಾಚಿ, ಒತ್ತೊತ್ತಾಗಿ ನಿಂತುಕೊಳ್ಳುತ್ತವೆ ಎಂಬುದರ ಬಗ್ಗೆ ನಾನು ಸ್ನಾತಕೋತ್ತರ ಪ್ರಬಂಧ ಬರೆದವಳು. ನೂರಾ ಹನ್ನೆರಡು ಪುಟ. ಬರಿಯ ಲೋಹ ಸಿಕ್ಕರೆ ಅವು ದ್ರವವನ್ನು ಬಿಟ್ಟು ಗೋಡೆಗೆ ಹೋಗುತ್ತವೆ, ತುಕ್ಕಿನ ಒರಟು ಮೈಯಾದರೆ ಇನ್ನೂ ಹೆಚ್ಚು ಹೋಗುತ್ತವೆ ಎಂದು ಆ ಪ್ರಬಂಧ ಹೇಳುತ್ತದೆ. ಯಾಕವ್ ಅಜ್ಜ ಹೇಳಿದ್ದೂ ಅದನ್ನೇ. ಅಜ್ಜನ ಮಾತಿನಲ್ಲಿ ಬಂದದ್ದರಿಂದ ನನ್ನದೇ ಪ್ರಬಂಧ ನನಗೆ ಗುರುತು ಸಿಗಲಿಲ್ಲ. ಮದ್ದು ಬೆರೆಸುವ ಜಾಗದಲ್ಲಿ, ಕೊಳವೆಯ ಬಾಯಿಗೆ ಎಣ್ಣೆ ಹೋಗುವ ಮೊದಲೇ, ಮಾದರಿ ತೆಗೆದೆ. ಗಾಯ ಅರವತ್ತೆಂಟು. ಉತ್ತಮ ಎಣ್ಣೆ. ರುಜು ಹಾಕಿದೆ.

ನವೆಂಬರಿನಲ್ಲಿ ನಿಕೆಫರ್ ನನ್ನ ಪ್ರಯೋಗಾಲಯಕ್ಕೆ ಬಂದ. ನಮ್ಮಲ್ಲಿ ಅತ್ತೆಯ ಮಗ, ಮಾವನ ಮಗಳು ಪರಸ್ಪರ ಕಾಲೆಳೆಯಬೇಕು. ಅದು ಸಲುಗೆಯಷ್ಟೇ ಅಲ್ಲ, ಒಂದು ಜವಾಬ್ದಾರಿ. ಮುಖದ ಮೇಲೆ ಹೇಳಿದರೆ ಹಗೆಯಾಗಬಹುದಾದ ಮಾತನ್ನು ನಗೆಯಲ್ಲಿ ಸುತ್ತಿ ಕೊಡುವುದು ಒಬ್ಬರ ಕೆಲಸ, ಸುತ್ತಿದ್ದನ್ನು ಬಿಚ್ಚಿ ನೋಡುವುದು ಇನ್ನೊಬ್ಬರ ಕೆಲಸ. ಅವನು ನನಗಿಂತ ಹತ್ತು ವರ್ಷ ಚಿಕ್ಕವನು. ಗುಂಡು ತಿರುಗಿ ಮುಗಿಯುವ ಅರ್ಧ ಗಂಟೆಯನ್ನು ನಾನು ಯಾವಾಗಲೂ ಪದ್ಯ ಓದಿ ಕಳೆಯುತ್ತೇನೆ. ಅಂದೂ ಪುಸ್ತಕ ಕೈಯಲ್ಲಿತ್ತು.

"ಏನಮ್ಮ ಪಂಡಿತೆ, ಪದ್ಯ ಸಾಕು, ಸ್ವಲ್ಪ ಇದನ್ನೂ ಓದು" ಎಂದು ವಿಮಾನದ ಸವೆದ ಪಂಪನ್ನು ಮೇಜಿನ ಮೇಲಿಟ್ಟ.

"ನನ್ನ ಮೇಜು ಗಲೀಜು ಮಾಡ್ಬೇಡ್ವೋ. ಏನಿದು?"

"ಎಂಟು ವಾರದ ಮಗು. ನೋಡು, ಆಗ್ಲೇ ನಮ್ಮಜ್ಜಿ ಥರ ಹಲ್ಲು ಉದುರಿಸ್ಕೊಂಡಿದೆ. ಏನು ಹಾಲು ಕುಡಿಸ್ತಿದೀಯ ನೀನು? ನೀರು ಬೆರೆಸಿದ್ಯಾ, ಇಲ್ಲ ಅದೂ ಇಲ್ವಾ?"

"ನನ್ನ ಹಾಲಿಗೆ ಅರವತ್ತೆಂಟು ಬಂದಿದೆ, ಕಾಗದ ನೋಡು. ನಿನ್ನ ಕೈಗೆ ಸಿಕ್ಕಿದ್ದೆಲ್ಲ ಹೀಗೇ ಹಲ್ಲು ಉದುರಿಸ್ಕೊಳ್ಳೋದು."

"ಸರಿ ಬಿಡು. ಕಾಗದಾನೇ ಸುತ್ತಿ ಪಂಪೊಳಗೆ ಇಡ್ತೀನಿ. ಅದಾದ್ರೂ ಜಾರತ್ತೇನೋ."

ಜೋರಾಗಿ ನಕ್ಕೆವು. ಅವನು ಪಂಪನ್ನು ಅಲ್ಲೇ ಬಿಟ್ಟು ಹೋದ. ಬಿಟ್ಟು ಹೋದದ್ದು ಯಾಕೆ ಎಂದು ನಾನು ಯೋಚಿಸಬೇಕಿತ್ತು. ಅವನು ನಗಿಸಲು ಬಂದಿರಲಿಲ್ಲ. ನನ್ನ ಮಾನ ಉಳಿಸಿ ನನ್ನ ತಪ್ಪು ಹೇಳಲು ಬಂದಿದ್ದ. ಪದ್ಯದ ಒಂದೊಂದು ಸಾಲನ್ನೂ ತಿರುಗಿಸಿ ನೋಡುವ ನಾನು, ನನ್ನ ಅತ್ತೆಯ ಮಗ ಹೇಳಿದ ನಾಲ್ಕು ಮಾತನ್ನು ಬಿಚ್ಚಲಿಲ್ಲ. ನಗೆಯನ್ನು ಇಟ್ಟುಕೊಂಡು ಉಳಿದದ್ದನ್ನು ಬಿಸಾಡಿದೆ. ನಮ್ಮ ಜನರಲ್ಲಿ ಇದಕ್ಕಿಂತ ನಾಚಿಕೆಗೇಡು ಇಲ್ಲ.

ಅವನು ಹೊಸ ಪಂಪು ಹಾಕಿದ. ವಿಮಾನದ ದಿನಚರಿಯಲ್ಲಿ "ಎಣ್ಣೆ ಒಣಗಿದೆ ಎಂಬ ಅನುಮಾನ" ಎಂದು ಬರೆದ. ಫೆಬ್ರವರಿಯಲ್ಲಿ ನಿಂತುಹೋದದ್ದು ಆ ಹೊಸ ಪಂಪು. ನಿಮ್ಮ ವರದಿ ಈ ಸಾಲನ್ನು ಹೇಗೆ ಓದಿತು ನೋಡಿ: ಎಣ್ಣೆ ಉತ್ತಮವೆಂದು ಪ್ರಮಾಣಪತ್ರವಿದ್ದರೂ ಮೆಕ್ಯಾನಿಕ್ಕು ಅದರ ಮೇಲೆ ಆಧಾರವಿಲ್ಲದೆ ಅನುಮಾನಪಟ್ಟು, ನಿಜವಾದ ಕಾರಣವನ್ನು ಹುಡುಕುವಲ್ಲಿ ನಿರ್ಲಕ್ಷ್ಯ ತೋರಿದ್ದಾನೆ. ಕಾರಣವನ್ನು ಹುಡುಕಿ, ಕಂಡು, ಬರೆದಿಟ್ಟ ಒಬ್ಬನೇ ಒಬ್ಬನಿಗೆ ನಿರ್ಲಕ್ಷ್ಯದ ಆರೋಪ! ಸಾಕ್ಷಿ ಯಾವುದು? ನನ್ನ ರುಜು. ಹದಿನೇಳು ವರ್ಷದಲ್ಲಿ ನನ್ನ ರುಜುವಿಗೆ ಇಷ್ಟು ಗೌರವ ಎಂದೂ ಸಿಕ್ಕಿರಲಿಲ್ಲ.

ವರದಿ ಬಂದ ವಾರ ಬಾಟಲಿ ಹಿಡಿದು ನಿಲ್ದಾಣದವರೆಗೆ ನಡೆದೆ. ಮಂಡಿ ತಡೆದುಕೊಂಡಿತು, ಅದು ಅಷ್ಟೇನೂ ಕೆಟ್ಟಿರಲಿಲ್ಲ. ಟ್ಯಾಂಕಿನ ಎಣ್ಣೆ ತಂದು ಮೂರು ಸಲ ಪರೀಕ್ಷಿಸಿದೆ. ತೊಂಬತ್ತೇಳು, ತೊಂಬತ್ತಾರು, ತೊಂಬತ್ತೇಳು. ಅಂದೇ ಟ್ಯಾಂಕಿಗೆ ಬೀಗ ಹಾಕಿಸಿ, ಅಂಕಿಗಳನ್ನು ನಿಮಗೆ ಕಳಿಸಿದೆ. ನಿಮ್ಮ ಉತ್ತರ ನನ್ನ ಮುಂದಿದೆ: "ಸದರಿ ಮಾದರಿಯನ್ನು ಅಧಿಕೃತ ಸ್ಥಳದಿಂದ ಪಡೆದಿಲ್ಲವಾದ್ದರಿಂದ ಪರಿಗಣಿಸಲು ಬರುವುದಿಲ್ಲ." ಅಧಿಕೃತ ಸ್ಥಳ ಯಾವುದೆಂದು ಕೆಳಗೆ ವಿವರಿಸಿ, ನನ್ನದೇ ಮೂರು ವರ್ಷದ ಹಿಂದಿನ ಟಿಪ್ಪಣಿಯ ಪ್ರತಿಯನ್ನು ಲಗತ್ತಿಸಿದ್ದೀರಿ. ಅದನ್ನು ಕಳಿಸಿದವರು ಅಣಕಿಸಲು ಕಳಿಸಿದರೋ, ಬರೆದವಳ ಹೆಸರನ್ನೇ ಓದದೆ ಕಳಿಸಿದರೋ ಗೊತ್ತಿಲ್ಲ. ಎರಡರಲ್ಲಿ ಯಾವುದಾದರೂ ನನಗೆ ತಕ್ಕದ್ದೇ. ಆದರೆ ನಿಕೆಫರನಿಗೆ ತಕ್ಕದ್ದು ಹೇಗಾಗುತ್ತದೆ?

ಲೂಬಾ ಏಪ್ರಿಲ್ ಮೊದಲ ವಾರ ಮಗಳೊಂದಿಗೆ ಮನೆಗೆ ಬಂದಳು. ಅವಳ ಅಮ್ಮ ಕೊಬ್ಬಿನಲ್ಲಿ ಕಡೆದ ಕಾಡುಹಣ್ಣಿನ ಸಿಹಿಯನ್ನು ಬಟ್ಟಲಲ್ಲಿ ಹಾಕಿ ಮನೆಮನೆಗೆ ಹಂಚಿದಳು. ಪ್ರಯೋಗಾಲಯಕ್ಕೂ ಬಂದಳು.

"ತಗೋ ತಾಯಿ, ತಿನ್ನು. ನಿನ್ನೆಣ್ಣೆ ಚಿನ್ನದಂಥಾದ್ದು ಅಂತ ಸರ್ಕಾರದೋರೇ ಬರ್ದಿದಾರಂತೆ. ನೀನೊಬ್ಳಾದ್ರೂ ಸರಿಯಾಗಿ ಕೆಲ್ಸ ಮಾಡಿದ್ಯಲ್ಲ. ಆ ನಿಕೆಫರ ನೋಡು, ನನ್ನ ಮಗಳನ್ನ ಕೊಂದೇಬಿಡ್ತಿದ್ದ."

ಅಲ್ಲವೆಂದು ಹೇಳಲು ಬಾಯಿ ತೆರೆದೆ. ಆಕೆ ಚಮಚೆಯನ್ನೇ ಬಾಯಿಗಿಟ್ಟಳು. ತಿಂದೆ. ನಿರ್ದೇಶಕರೇ, ಆಕೆ ನೋಡುತ್ತಾ ನಿಂತಿದ್ದಂತೆ ಬಟ್ಟಲು ಖಾಲಿಯಾಗುವವರೆಗೆ ತಿಂದೆ, ಚೆನ್ನಾಗಿದೆ ಎಂದೂ ಹೇಳಿದೆ. ಈ ಪತ್ರವನ್ನು ಬರೆಸಿದ್ದು ನಿಮ್ಮ ವರದಿಯಲ್ಲ, ಆ ಬಟ್ಟಲು.

ಮರುದಿನ ಆಕೆಯ ಮನೆಗೆ ಹೋಗಿ ಎಲ್ಲ ಹೇಳಿದೆ. ಆಕೆ ಮಗುವನ್ನು ನಾನು ನೋಡುತ್ತಿದ್ದ ಕಡೆಯಿಂದ ಇನ್ನೊಂದು ತೋಳಿಗೆ ಬದಲಿಸಿಕೊಂಡಳು. ಅಲ್ಲಿಂದ ನಿಕೆಫರನ ಹತ್ತಿರ ಹೋದೆ. ಲೈಸೆನ್ಸು ಹೋದ ಮೇಲೆ ಅವನು ಊರಿನ ಬಟ್ಟೆ ಒಗೆಯುವ ಕಟ್ಟಡದಲ್ಲಿ ಯಂತ್ರಗಳ ರಿಪೇರಿ ಮಾಡುತ್ತಾನೆ. ವಿಮಾನದ ಹೊರತು ಬೇರೇನನ್ನೂ ಹದಿನೈದು ವರ್ಷ ಮುಟ್ಟದವನು. ನನ್ನನ್ನು ಕಂಡು ಎದ್ದು ನಿಂತ. "ಬನ್ನಿ, ಕೂತ್ಕೊಳ್ಳಿ. ಆರೋಗ್ಯ ಹೇಗಿದೆ?" ಎಂದ. ಬೈಗುಳವನ್ನು ನಿರೀಕ್ಷಿಸಿ ಹೋಗಿದ್ದೆ. ಅವನು ನನಗೆ ಮರ್ಯಾದೆ ಕೊಟ್ಟ.

"ಪತ್ರಿಕೇಲಿ ಬರೀತೀನಿ" ಎಂದೆ.

"ನಿಮ್ಮ ಕೆಲ್ಸ ಹೋಗತ್ತೆ."

"ಹೋಗ್ಲಿ."

"ನನ್ನನ್ನ ಪಾಪದವನ ಹಾಗೆ ಬರೀಬೇಡಿ ಮತ್ತೆ. ನಾನು ಸರಿಯಾಗಿ ನೋಡಿದ್ದೆ ಅಂತ ಬರೀರಿ. ಅಷ್ಟು ಸಾಕು."

ಬರೆಯುತ್ತಿದ್ದೇನೆ: ಅವನು ಸರಿಯಾಗಿ ನೋಡಿದ್ದ.

ಈಗ ನನ್ನ ಬೇಡಿಕೆ. ನಿಕೆಫರನ ವಿರುದ್ಧದ ಅಭಿಪ್ರಾಯವನ್ನು ವರದಿಯಿಂದ ತೆಗೆದುಹಾಕಿ, ಜೂನ್ ತಿಂಗಳ ಮೊದಲ ಬಾರ್ಜು ಬರುವ ಮುನ್ನ ಅವನ ಲೈಸೆನ್ಸು ಮರಳಿಸಿ. ಮಾದರಿಯನ್ನು ಮತ್ತೆ ಕೊಳವೆಯ ಕೊನೆಯಲ್ಲಿ ತೆಗೆಯುವಂತೆ ಆದೇಶಿಸಿ; ಬೇರೆ ಎಲ್ಲೆಲ್ಲಿ ಹೊಸ ಕೊಳವೆ ಹಾಕಿ, ಅದರ ಬಾಯಲ್ಲೇ ಮಾದರಿ ತೆಗೆದು, ನಿಶ್ಚಿಂತೆಯಾಗಿ ಇದ್ದಾರೋ ಅವರಿಗೂ ಬರೆಯಿರಿ. ನನ್ನ ರುಜುವನ್ನು ರದ್ದು ಮಾಡಿ. ಹಾಕಿದವರೇ ಕೇಳಿಕೊಂಡರೆ ರುಜು ರದ್ದು ಮಾಡಲು ನಿಯಮವಿಲ್ಲ ಎಂದು ನಿಮ್ಮ ಕಚೇರಿ ಫೋನಿನಲ್ಲಿ ತಿಳಿಸಿತು. ಒಂಬತ್ತು ದಿನದಲ್ಲಿ ನಿಯಮ ಬದಲಿಸುವ ಶಕ್ತಿ ನಿಮಗಿದೆ, ನಾನೇ ಕಂಡಿದ್ದೇನೆ.

ಮೇ ಒಂಬತ್ತರಂದು ನಿಕೆಫರನ ಮೇಲ್ಮನವಿಯ ವಿಚಾರಣೆ ಇದೆ. ನೀವು ಪಟ್ಟಿ ಮಾಡಿರುವ ಸಾಕ್ಷಿಗಳಲ್ಲಿ ನಾನಿಲ್ಲ, ಪ್ರಮಾಣಪತ್ರವಿರುವಾಗ ಪರೀಕ್ಷಕಿ ಬೇಕಿಲ್ಲವಂತೆ. ಆದರೂ ಬರುತ್ತೇನೆ. ನನಗೆ ಸಾಕ್ಷಿಯ ಜಾಗ ಬೇಡ. ತಪ್ಪು ಮಾಡಿದವರು ಕೂರುವ ಕುರ್ಚಿಯೊಂದು ಇರುತ್ತದಲ್ಲ, ಅದರಿಂದ ಅವನನ್ನು ಎಬ್ಬಿಸಿ. ನಾನು ಕೂರುತ್ತೇನೆ. ನನ್ನ ಟಿಪ್ಪಣಿಗೆ ಒಪ್ಪಿಗೆ ಕೊಟ್ಟವರಿಗೆಂದು ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸುವುದು, ಬಿಡುವುದು ನಿಮಗೆ ಬಿಟ್ಟದ್ದು.

ಇಂತಿ,
ನಕ್ಕು ರುಜು ಹಾಕಿದ,
ಫೆದೋರಾ ಅಲೆಕ್ಸಿ
ಇಂಧನ ಪರೀಕ್ಷಕಿ, ಈ ಪತ್ರ ಅಚ್ಚಾಗುವವರೆಗೆ