ರಣಹದ್ದು ಸತ್ಯ ಹೇಳಿದ ದಿನ

ಗುರುವಾರ, ಮಧ್ಯಾಹ್ನ ಎರಡು ಗಂಟೆ
ಲಾಡ್ಜಿನ ಮೂರನೇ ಮಹಡಿ

ಅಕ್ಕಾ,

ನಿನ್ನ ತಮ್ಮನ ಸಾಷ್ಟಾಂಗ ನಮಸ್ಕಾರ! ಸಾಷ್ಟಾಂಗ ಎಂದದ್ದು ಬಾಯಿಮಾತಿಗಲ್ಲ. ಈ ಕೋಣೆಯಲ್ಲಿ ಮೇಜಿಲ್ಲ, ಇದ್ದೊಂದು ಕುರ್ಚಿ ನನ್ನ ಭಾರಕ್ಕೆ ಮೊದಲ ದಿನವೇ ಕೈಕಾಲು ಬಿಟ್ಟಿತು. ಹಾಗಾಗಿ ನೆಲದ ಮೇಲೆ ಬೋರಲಾಗಿ ಮಲಗಿ ಬರೆಯುತ್ತಿದ್ದೇನೆ. ಕಿಟಕಿಯ ಪರದೆ ಎಳೆದಿದ್ದೇನೆ. ಕೆಳಗೆ ರಸ್ತೆಯಲ್ಲಿ ಹತ್ತು ಹನ್ನೆರಡು ಜನ ಕತ್ತೆತ್ತಿ ನಿಂತು, ರಣಹದ್ದು ಒಮ್ಮೆಯಾದರೂ ಇಣುಕೀತೇ ಎಂದು ಕಾಯುತ್ತಿದ್ದಾರೆ. ಮೊದಲೆಲ್ಲ ಇಣುಕಿದರೆ ಕೊಳೆತ ಟೊಮೆಟೊ ಬರುತ್ತಿತ್ತು. ಈಗ ಏನು ಬರುತ್ತದೆ ಎಂಬುದನ್ನು ಮುಂದೆ ಬರೆಯುತ್ತೇನೆ. ಅದೇ ನನ್ನ ಗೋಳು.

ನಿನ್ನ ಪತ್ರ ಸೋಮವಾರ ಕೈಸೇರಿತು. ಭಾವ ಬಲಗೈಯಲ್ಲಿ ಬಾಚಣಿಗೆ ಎತ್ತುತ್ತಿಲ್ಲ, ಲೋಟ ಕೈಜಾರಿ ಬೀಳುತ್ತಿದೆ, ಹಾಸಿಗೆ ಬಿಟ್ಟು ಕುರ್ಚಿಯಲ್ಲೇ ಕೂತು ನಿದ್ದೆ ಮಾಡುತ್ತಾರೆ, ಕೇಳಿದರೆ "ಕತ್ತು ಸ್ವಲ್ಪ ಹಿಡ್ಕೊಂಡಿದೆ ಕಣೇ, ದೊಡ್ಡದು ಮಾಡ್ಬೇಡ" ಎನ್ನುತ್ತಾರೆ ಎಂದು ಬರೆದಿದ್ದೀಯ. ಕೊನೆಗೆ ಒಂದೇ ಸಾಲು: "ನಿನಗೇನಾದ್ರೂ ಗೊತ್ತೇನೋ?"

ಗೊತ್ತು ಅಕ್ಕ. ಎರಡು ತಿಂಗಳಿಂದ ಗೊತ್ತು. ಹೇಳಬಾರದೆಂದು ಭಾವ ನನ್ನಿಂದ ನಿನ್ನ ಮೇಲೆ ಆಣೆ ಹಾಕಿಸಿಕೊಂಡಿದ್ದಾರೆ. ನಿನ್ನ ಮೇಲಿನ ಆಣೆಯನ್ನು ನಿನಗೇ ಕಾಗದ ಬರೆದು ಮುರಿಯುವ ಮಹಾಪುರುಷ ಈ ಭೂಮಂಡಲದಲ್ಲಿ ನಾನೊಬ್ಬನೇ ಇರಬೇಕು!

ನಮ್ಮಪ್ಪ ನಾಟಕ ಕಂಪನಿಯಲ್ಲಿ ಇಪ್ಪತ್ತು ವರ್ಷ ಖಳನಾಯಕನಾಗಿ ಅಬ್ಬರಿಸಿದವರು. ನಾವಿಬ್ಬರೂ ಮಡಿಸಿಟ್ಟ ಪರದೆಗಳ ಮೇಲೆ ಮಲಗಿ, ಅವರ ಅಟ್ಟಹಾಸವನ್ನೇ ಜೋಗುಳವೆಂದು ಕೇಳಿ ಬೆಳೆದವರು. ಆ ಗಂಟಲು ನನಗೆ ಬಂತು, ಆ ಕಂಪನಿಯ ದರ್ಜಿಯ ಕೈ ನಿನಗೆ ಬಂತು. ಹೀಗಾಗಿ ಕುಸ್ತಿ ಕಂಪನಿಯವರು ನನಗೆ ರಣಹದ್ದಿನ ಕಪ್ಪು ನಿಲುವಂಗಿ ತೊಡಿಸಿದಾಗ ನಾನು ಹೆದರಲಿಲ್ಲ. ಯಾರು ಗೆಲ್ಲಬೇಕು, ಯಾರು ಬೀಳಬೇಕು ಎಂಬುದನ್ನೆಲ್ಲ ಮೊದಲೇ ಬರೆದಿಡುವ ಕಥೆ ಮೇಷ್ಟ್ರು ಇದ್ದಾರೆ. ಎದುರಿಗೆ ಸಿಡಿಲಣ್ಣನ ವೇಷದಲ್ಲಿ ನಮ್ಮ ಭಾವ. ಸಿಡಿಲಿನ ಹಳದಿ ಚಡ್ಡಿಯನ್ನೂ ಹದ್ದಿನ ಕರಿ ರೆಕ್ಕೆಯನ್ನೂ ಒಂದೇ ಯಂತ್ರದ ಮೇಲೆ ಹೊಲಿದವಳು ನೀನು. ಇನ್ನೇನು ಬೇಕಿತ್ತು?

ಆದರೆ ಈ ಕಸುಬಿನ ನಿಯಮ ನಿನಗೆ ಗೊತ್ತಲ್ಲ. ಹಗ್ಗದ ಒಳಗಿನ ಹಗೆ ಹಗ್ಗದ ಹೊರಗೂ ಹಗೆಯಾಗಿಯೇ ಕಾಣಬೇಕು. ಅವರಿಗೊಂದು ವ್ಯಾನು, ನಮಗೊಂದು ವ್ಯಾನು. ಅವರು ಉಂಡ ಹೋಟೆಲಿನಲ್ಲಿ ನಾನು ನೀರೂ ಕುಡಿಯಬಾರದು. ನಾನು ಸಿಡಿಲಣ್ಣನ ಹೆಂಡತಿಯ ತಮ್ಮ ಎಂದು ಜನಕ್ಕೆ ಗೊತ್ತಾದರೆ ಕಥೆ ಅಲ್ಲಿಗೇ ಮುಗಿಯಿತು. ಎರಡು ವರ್ಷದಲ್ಲಿ ಒಂದೇ ಒಂದು ಸಲ ನಿನ್ನ ಮನೆಯ ಮೆಟ್ಟಿಲು ಹತ್ತಿದೆ, ಕೆಳಗಿನ ಮನೆಯ ಟೀಚರಮ್ಮ "ಅಯ್ಯೋ, ಈ ಪಾಪಿ ಮನೇವರೆಗೂ ಬಂದ!" ಎಂದು ಒಂದು ಬಕೆಟ್ ನೀರು ನನ್ನ ನೆತ್ತಿಗೆ ಸುರಿದರು. ನೀನು ಮೇಲಿನಿಂದ ನೋಡುತ್ತ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ನಾನೂ ಪಾತ್ರ ಬಿಡದೆ ಒಂದು ಘರ್ಜನೆ ಹಾಕಿ ಇಳಿದುಬಂದೆ.

ಈಗ ಕೇಳು. ಮೂವತ್ತೆಂಟನೇ ಪಂದ್ಯ. ಹದ್ದಿನ ಎರಗು ಅಂತ ನನ್ನದೊಂದು ಪಟ್ಟಿದೆಯಲ್ಲ, ಭಾವನನ್ನು ತಲೆಕೆಳಗಾಗಿ ಎತ್ತಿ ಹಲಗೆಯ ಮೇಲೆ ಕುಕ್ಕುವುದು? ನೋಡುವವರಿಗೆ ತಲೆ ನೆಲಕ್ಕೆ ಬಡಿದಂತೆ ಕಾಣುತ್ತದೆ. ನಿಜದಲ್ಲಿ ನನ್ನ ಮಂಡಿಗಳ ನಡುವೆ ಅವರ ತಲೆ ನಾಲ್ಕು ಬೆರಳು ಮೇಲೆ ಇರುತ್ತದೆ. ಅವತ್ತು ಬೆವರಿಗೆ ನನ್ನ ಕೈ ಜಾರಿತು. ನಾಲ್ಕು ಬೆರಳು ಉಳಿಯಲಿಲ್ಲ. ಹಲಗೆಯ ಸದ್ದಿನೊಳಗೆ ಇನ್ನೊಂದು ಸಣ್ಣ ಸದ್ದು ಕೇಳಿತು. ನನಗೊಬ್ಬನಿಗೇ ಕೇಳಿತು.

ಬಿದ್ದ ಮೇಲೆ ಮಣಿಕಟ್ಟು ಒತ್ತಿ ಕೇಳುವುದು ನಮ್ಮ ಪದ್ಧತಿ. ನಾನು ಒತ್ತಿದರೆ ಅವರು ತಿರುಗಿ ಒತ್ತಬೇಕು. ಚೆನ್ನಾಗಿದ್ದೀನಿ ಅಂತ ಅರ್ಥ. ಒತ್ತಿದೆ. ಉತ್ತರವಿಲ್ಲ. ಇನ್ನೊಮ್ಮೆ ಒತ್ತಿದೆ. ಉತ್ತರವಿಲ್ಲ. ಅಲ್ಲಿಗೆ ನಿಲ್ಲಿಸಬೇಕಿತ್ತು ಅಕ್ಕ. ಆದರೆ ಇಡೀ ಸಭಾಂಗಣ ಎದ್ದು ನಿಂತಿತ್ತು. ನಾನು ಭಾವನ ಎದೆಯ ಮೇಲೆ ಕಾಲಿಟ್ಟು, "ಎಲ್ಲಿ ನಿಮ್ಮ ಸಿಡಿಲು? ಈ ಹದ್ದಿನ ರೆಕ್ಕೆಯ ನೆರಳಲ್ಲಿ ಆರಿಹೋಯಿತೇ?" ಎಂದು ಇಡೀ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. ಹೇಳಿ ಮುಗಿಸಿಯೇ ಕಾಲು ತೆಗೆದೆ.

ಬೇರೆ ಊರಿನ ಡಾಕ್ಟರ ಹತ್ತಿರ ಹೋದೆವು. ಅಲ್ಲೂ ಒಟ್ಟಿಗೆ ಕೂರುವಂತಿಲ್ಲ. ಅವರು ಬಾಗಿಲ ಬಳಿ, ನಾನು ಮೀನಿನ ತೊಟ್ಟಿಯ ಹಿಂದೆ. ಕಾಂಪೌಂಡರ್ ಇಬ್ಬರನ್ನೂ ಗುರುತು ಹಿಡಿದು, "ಮುರ್ದವರೂ ನೀವೇ, ಕರ್ಕೊಂಡ್ ಬಂದವರೂ ನೀವೇನಾ? ಇದು ಯಾವ ಪಂದ್ಯಕ್ಕೆ ಸಾರ್?" ಎಂದು ಕಣ್ಣು ಹೊಡೆದ. ಡಾಕ್ಟರು ಕಣ್ಣು ಹೊಡೆಯಲಿಲ್ಲ. ಕತ್ತಿನ ಮೂಳೆಯಲ್ಲಿ ಬಿರುಕಿದೆ, ಇನ್ನೊಂದು ಸಲ ಇಂಥ ಪೆಟ್ಟು ಬಿದ್ದರೆ ಕತ್ತಿನಿಂದ ಕೆಳಗೆ ಯಾವುದೂ ಅಲ್ಲಾಡುವುದಿಲ್ಲ ಎಂದರು. ಭಾವ ಹೊರಗೆ ಬಂದವರೇ ನನ್ನ ಕೈ ಹಿಡಿದು, "ಎರಡು ತಿಂಗಳಾದ್ಮೇಲೆ ಬರೋ ದೊಡ್ಡ ಪಂದ್ಯ ಒಂದು ಮುಗೀಲಿ ಕಣೋ. ಗೆದ್ದು ಆಟ ಬಿಡ್ತೀನಿ. ಸೋತು ಮೂಲೇಲಿ ಕೂತ ಸಿಡಿಲು ಅನ್ನಿಸ್ಕೊಳ್ಳೋಕೆ ನನ್ ಕೈಲಿ ಆಗಲ್ಲ" ಎಂದು ಆಣೆ ಹಾಕಿಸಿಕೊಂಡರು. ಆಮೇಲಿನ ಮೂರು ಪಂದ್ಯ ನಾನು ಅವರನ್ನು ಎತ್ತದೆ ಹೇಗೋ ಸಾಗಿಸಿದೆ.

ಆ ದೊಡ್ಡ ಪಂದ್ಯ ಈ ಭಾನುವಾರ; ಅದರಲ್ಲಿ ಏನಾಗಬೇಕೆಂದು ತೀರ್ಮಾನಿಸುವವರು ಯಾರು ಗೊತ್ತೇ? ಅಭಿಮಾನಿಗಳು! ಸಭಾಂಗಣದ ಬಾಗಿಲಲ್ಲಿ ಒಂದು ಚೀಟಿ ಪೆಟ್ಟಿಗೆ ಇಟ್ಟಿದ್ದಾರೆ. ಹೊಲಿಗೆಯವನು, ಚೌರದವನು, ನರ್ಸಮ್ಮ, ಕಾಲೇಜು ಹುಡುಗಿಯರು, ಎಲ್ಲರೂ ಚೀಟಿ ಹಾಕುತ್ತಾರೆ. ಸಿಡಿಲಣ್ಣ ಈಚೆಗೆ ಮೆತ್ತಗಾಗಿದ್ದಾನೆ ಎಂದು ಒಬ್ಬರು. ಕತ್ತು ತಿರುಗಿಸದೆ ನಿಲ್ಲುತ್ತಾನಲ್ಲ, ಅದೇನು ಗತ್ತು ಎಂದು ಇನ್ನೊಬ್ಬರು. ಇಬ್ಬರೂ ಒಂದೇ ತಾಯಿಯ ಮಕ್ಕಳಂತೆ, ಕೊನೆಗೆ ಅಪ್ಪಿಕೊಳ್ಳಬೇಕು ಎಂದು ಒಬ್ಬ ಅಜ್ಜಿ. ಆದರೆ ನೂರಕ್ಕೆ ತೊಂಬತ್ತು ಚೀಟಿ ಬೇಡುವುದು ಒಂದೇ: ಹದ್ದಿನ ಎರಗು, ಈ ಸಲ ಮೂಲೆಗಂಬದ ತುದಿಯಿಂದ. ಆಳೆತ್ತರದಿಂದ, ಅಕ್ಕ.

ನಾನು ಸುಮ್ಮನಿರಲಿಲ್ಲ. ಕುಸ್ತಿ ಕಂಪನಿಯ ಯಜಮಾನರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಭಾವನನ್ನು ಕರೆಸಿದರು. ಭಾವ ಅವರೆದುರು ಹತ್ತು ಬಸ್ಕಿ ಹೊಡೆದು, ಹಲ್ಲು ಕಚ್ಚಿಕೊಂಡು ನಕ್ಕು, "ಇವನಿಗೆ ಸೋಲೋಕೆ ಮನಸ್ಸಿಲ್ಲ ಯಜಮಾನ್ರೇ, ಅದಕ್ಕೇ ಈ ಕತೆ" ಎಂದುಬಿಟ್ಟರು. ಯಜಮಾನರು ನನ್ನತ್ತ ತಿರುಗಿ, "ನಿನ್ ಕೈಲಿ ಆಗಲ್ಲ ಅಂದ್ರೆ ಹೇಳಪ್ಪ, ಕಬ್ಬಿಣದವನನ್ನ ಹತ್ತಿಸ್ತೀನಿ" ಎಂದರು. ಕಬ್ಬಿಣದವನು ಕಂಪನಿಗೆ ಹೊಸಬ. ಮೂಟೆ ಎಸೆದಂತೆ ಮನುಷ್ಯರನ್ನು ಎಸೆಯುತ್ತಾನೆ, ಹಿಡಿಯುವುದು ಅವನಿಗೆ ಗೊತ್ತೇ ಇಲ್ಲ. ನಾನು ಒಪ್ಪಿದರೆ ನನ್ನ ಕೈ, ಒಪ್ಪದಿದ್ದರೆ ಅವನ ಕೈ. ಯಾವ ಬಾಗಿಲು ತಳ್ಳಿದರೂ ಭಾವನ ಕತ್ತೇ ಎದುರಿಗೆ.

ಉಳಿದದ್ದು ಜನ. ಮೊನ್ನೆ ಮಂಗಳವಾರ ಅಭಿಮಾನಿಗಳ ಸಭೆ ಇತ್ತು. ರಣಹದ್ದು ವೇದಿಕೆಗೆ ಬಂದು ಎರಡು ಬೈಗುಳ ಬೈದು ಹೋಗಬೇಕೆಂದು ಮೇಷ್ಟ್ರು ಬರೆದುಕೊಟ್ಟಿದ್ದರು. ಆ ಹಾಳೆ ಹರಿದು ಹಾಕಿದೆ. ಹದ್ದಿನ ನಿಲುವಂಗಿ ಬಿಚ್ಚಿದೆ. ಮೈಕಿನ ಮುಂದೆ ನಿಂತು, ಸಿಡಿಲಣ್ಣನ ಕತ್ತು ನಿಜವಾಗಿಯೂ ಮುರಿದಿದೆ, ಮುರಿದವನು ನಾನು, ಅವರು ನನ್ನ ಅಕ್ಕನ ಗಂಡ, ಭಾನುವಾರ ಅವರನ್ನು ಎತ್ತಿದರೆ ಜೀವಮಾನವಿಡೀ ಮಂಚದ ಮೇಲೆ ಇರುತ್ತಾರೆ, ದಯವಿಟ್ಟು ಈ ಪಂದ್ಯ ಬೇಡ ಎನ್ನಿ ಎಂದು ಕೈಮುಗಿದೆ. ಕಣ್ಣಲ್ಲಿ ನೀರು ಬಂತು. ನಿಜವಾದ ನೀರು.

ಆಮೇಲೆ ಸಭಾಂಗಣ ಹಾರಿಹೋಗುವಂತೆ ಶಿಳ್ಳೆ!

ಮುಂದಿನ ಸಾಲಿನಲ್ಲಿ ಒಬ್ಬ ನಿವೃತ್ತ ಕಂಡಕ್ಟರ್ ಇದ್ದಾರೆ. ನಮ್ಮ ನಲವತ್ತೊಂದು ಪಂದ್ಯಗಳನ್ನೂ ಪುಸ್ತಕದಲ್ಲಿ ಬರೆದಿಟ್ಟವರು, ಉಳಿದ ಅಭಿಮಾನಿಗಳಿಗೆಲ್ಲ ಅವರ ಮಾತೇ ವೇದ. ಅವರು ಎದ್ದು, "ನೋಡ್ರಪ್ಪಾ, ಇದೆಲ್ಲ ಸುಳ್ಳು ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಆದ್ರೆ ಸುಳ್ಳು ಹೇಳಿದ್ರೆ ಹಿಂಗ್ ಹೇಳ್ಬೇಕು! ಅಕ್ಕನ ಗಂಡ ಅಂತೆ! ಭಲೇ ಮೇಷ್ಟ್ರೇ!" ಎಂದರು. ನಾನು "ಇಲ್ಲಾ ಸ್ವಾಮೀ, ಸತ್ಯ!" ಎಂದು ಕೂಗಿದೆ. "ಆಹಾ, ಬಿಡ್ತಾನೇ ಇಲ್ಲ ನೋಡಿ ಪಾತ್ರಾನ!" ಎಂದರು ನರ್ಸಮ್ಮ, ಕಣ್ಣೊರೆಸಿಕೊಳ್ಳುತ್ತ. ಎರಡು ವರ್ಷ ಈ ಬಾಯಿಂದ ಸುಳ್ಳೇ ಉರುಳಿಸಿದ್ದೇನೆ. ಒಂದು ದಿನದ ಸತ್ಯಕ್ಕೆ ಅದರಲ್ಲಿ ಜಾಗ ಎಲ್ಲಿ ಸಿಗಬೇಕು? ವೇದಿಕೆಯ ಹಿಂದೆ ಮೇಷ್ಟ್ರು ನನ್ನನ್ನು ತಬ್ಬಿಕೊಂಡು, ಕಥೆಗೆ ಇಂಥ ತಿರುವು ತನಗೆ ಹೊಳೆದಿರಲಿಲ್ಲವೆಂದು ಅತ್ತರು. ಯಜಮಾನರು, ಭಾನುವಾರ ಸಿಡಿಲಣ್ಣ ಕತ್ತಿಗೆ ಬಿಳಿ ಪಟ್ಟಿ ಸುತ್ತಿಕೊಂಡು ಬರಲಿ, ಜನ ಹುಚ್ಚೆದ್ದು ಹೋಗುತ್ತಾರೆ ಎಂದರು.

ಅಲ್ಲಿಂದ ಚೀಟಿಗಳ ಬಣ್ಣವೇ ಬದಲಾಯಿತು. ಹದ್ದಿಗೂ ಹೃದಯವಿದೆ ಎನ್ನುತ್ತಾರೆ. ಹದ್ದೇ ನಿಜವಾದ ನಾಯಕ ಎನ್ನುತ್ತಾರೆ. ನಿನ್ನೆ ಚೌರದವನು ನನ್ನ ಗಲ್ಲ ಸವರಿ, "ಅಣ್ಣಾ, ನಿಮ್ಮನ್ನ ಇಷ್ಟು ದಿನ ಬೈಕೊಂಡೆ, ಕ್ಷಮಿಸಿ. ಆದ್ರೆ ಎರಗು ಮಾತ್ರ ಬಿಡ್ಬೇಡಿ. ಅಳ್ತಾ ಅಳ್ತಾ ಎತ್ತಿ ಹಾಕಿ, ಅದರ ಮಜಾನೇ ಬೇರೆ" ಎಂದ. ಕಿಟಕಿಯ ಕೆಳಗೆ ನಿಂತವರ ಕೈಯಲ್ಲಿ ಈಗ ಟೊಮೆಟೊ ಇಲ್ಲ ಅಕ್ಕ, ಹೂವಿದೆ. ಕಲ್ಲು ಹೊಡೆಯುವವರಿಂದ ಓಡಿ ತಪ್ಪಿಸಿಕೊಳ್ಳಬಹುದು. ಹೂವು ಹಿಡಿದು ನಿಂತವರಿಂದ ಯಾವ ದಿಕ್ಕಿಗೆ ಓಡಲಿ?

ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಅಭಿಮಾನಿಗಳು ಮೋಸ ಕ್ಷಮಿಸುತ್ತಾರೆ, ಕ್ರೌರ್ಯ ಕ್ಷಮಿಸುತ್ತಾರೆ, ಬೇಸರವನ್ನು ಮಾತ್ರ ಕ್ಷಮಿಸುವುದಿಲ್ಲ. ಭಾನುವಾರ ನಾಲ್ಕು ಗಂಟೆಗೆ ಗಂಟೆ ಬಾರಿಸಿದ ಕೂಡಲೇ ನಾನು ರಿಂಗಿನ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತೇನೆ. ಭಾವ ಎಳೆಯಲಿ, ಒದೆಯಲಿ, ಯಜಮಾನರು ಬಾಯಿ ಬಡಿದುಕೊಳ್ಳಲಿ, ಏಳುವುದಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಜನ ಆಕಳಿಸುತ್ತಾರೆ, ಬೈಯುತ್ತಾರೆ, ಎದ್ದು ಮನೆಗೆ ಹೋಗುತ್ತಾರೆ. ಹದ್ದೂ ಮುಗಿಯಿತು, ಸಿಡಿಲೂ ಮುಗಿಯಿತು. ಭಾವ ಜನ್ಮದಲ್ಲಿ ನನ್ನ ಮುಖ ನೋಡಲಿಕ್ಕಿಲ್ಲ. ಆದರೆ ಮುಖ ತಿರುಗಿಸಿಕೊಂಡು ಹೋಗುವುದಕ್ಕಾದರೂ ಅವರಿಗೆ ಒಂದು ಕತ್ತು ಉಳಿದಿರುತ್ತದಲ್ಲ!

ಈ ಕಾಗದವನ್ನು ಮನೆಗೆ ಕಳಿಸಿದರೆ ಭಾವನ ಕೈಗೆ ಸಿಗುತ್ತದೆ; ನಿನ್ನ ಫೋನಂತೂ ದಿನವಿಡೀ ಅವರ ಕೈಯಲ್ಲೇ, ಅಭಿಮಾನಿಗಳು ಏನೆಂದರೆಂದು ಓದಲು. ಅದಕ್ಕೇ ನಮ್ಮ ಮೇಕಪ್ಪಿನಮ್ಮ ನಾಳೆ ಬೆಳಿಗ್ಗೆ ನಿನ್ನ ಹೊಲಿಗೆ ಕಾರ್ಖಾನೆಗೇ ತಂದುಕೊಡುತ್ತಾರೆ. ಓದಿ, ಹರಿದು ಹಾಕು. ನನ್ನನ್ನು ಬೈಯಬೇಕೆನಿಸಿದರೆ ಗಟ್ಟಿಯಾಗಿ ಬೈ. ಯಂತ್ರಗಳ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ.

ನಿನ್ನ ಭಾಗ್ಯವನ್ನು ನಾಲ್ಕು ಬೆರಳಿನಲ್ಲಿ ಕೈಜಾರಿಸಿದ,
ತಮ್ಮ

ಮರೆತ ಮಾತು: ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಮಂಗಳವಾರ ಮೈಕಿನ ಮುಂದೆ "ಮುರಿದವನು ನಾನು" ಎಂದೆನಲ್ಲ, ಆಗಲೇ ಒಂದು ಮೂಲೆಯಿಂದ ಚಪ್ಪಾಳೆ ಶುರುವಾಗಿತ್ತು. ನಾನು ಮಾತು ನಿಲ್ಲಿಸಿದೆ. ಚಪ್ಪಾಳೆ ಏರಿ, ಸಭಾಂಗಣ ಸುತ್ತಿ, ಇಳಿಯುವವರೆಗೆ ಅಪ್ಪ ನಿಲ್ಲುತ್ತಿದ್ದ ಹಾಗೆ ಗಲ್ಲ ಎತ್ತಿ ನಿಂತಿದ್ದು, ಆಮೇಲೆ ಮುಂದಿನ ಸಾಲು ಹೇಳಿದೆ. ಸತ್ಯದ ನಡುವೆಯೂ ನಾನು ಚಪ್ಪಾಳೆಗೆ ಕಾದೆ ಅಕ್ಕ. ಭಾನುವಾರ ನಾನು ಕೂತದ್ದಕ್ಕೂ ಅವರು ಚಪ್ಪಾಳೆ ತಟ್ಟಿದರೆ, ಎದ್ದುಬಿಡುತ್ತೇನೇನೋ. ಎತ್ತಿಬಿಡುತ್ತೇನೇನೋ. ಹಾಗಾಗಿ ನನ್ನ ತೀರ್ಮಾನವನ್ನು ನಂಬಬೇಡ. ಭಾನುವಾರ ಅವರ ವ್ಯಾನು ನಿಮ್ಮ ಮನೆಗೆ ಹನ್ನೆರಡಕ್ಕೆ ಬರುತ್ತದೆ. ಹನ್ನೊಂದೂವರೆಗೇ ಫೋನು ಕಸಿದುಕೊಂಡು, ಭಾವನನ್ನು ಮನೆಯೊಳಗೆ ಬಿಟ್ಟು, ಹೊರಗಿನಿಂದ ಚಿಲಕ ಹಾಕಿ ಬೀಗ ಜಡಿ. ಬಡಿಯುತ್ತಾರೆ, ಕೂಗುತ್ತಾರೆ, ಆ ಕೈಯಲ್ಲಿ ಬಾಗಿಲು ಒಡೆಯಲಾರರು. ಕೆಳಗಿನ ಮನೆಯವರೋ ವ್ಯಾನಿನವರೋ ಬಂದು ಏನಿದು ಎಂದು ಕೇಳಿದರೆ, ಇದೂ ಕಥೆಯಲ್ಲಿದೆ ಎಂದುಬಿಡು.

ನಂಬುತ್ತಾರೆ.